ಕಂಬಳಿ ಎತ್ತಿದ ಹೊತ್ತು

ಅವರ ಬಲಗೈಯ ತೋರುಬೆರಳು ಮೊದಲ ಗೆಣ್ಣಿಗೇ ಮುಗಿದಿತ್ತು; ಉಳಿದದ್ದನ್ನು ಕೈಯಲ್ಲೇ ಸಿಡಿದ ಪಟಾಕಿಯೊಂದು ಒಯ್ದಿತ್ತು. ಆ ಮೊಂಡು ಬೆರಳಿನಿಂದ ಅವರು ಪೊದೆಯತ್ತ ತೋರಿಸಿದರೆ, ಕಣ್ಣಿಗೆ ಏನೂ ಕಾಣದಿದ್ದರೂ, ಅಲ್ಲಿ ಯಾರೋ ನಿಂತು ನಮ್ಮನ್ನೇ ನೋಡುತ್ತಿದ್ದಾರೆಂದು ಮೈ ಜುಮ್ಮೆನ್ನುತ್ತಿತ್ತು.

ಸಾತನೂರಿನ ಸುತ್ತಮುತ್ತ ಕಾಡಾನೆಗಳನ್ನು ಓಡಿಸುವ ಪಡೆಗೆ ಅವರೇ ಹಿರಿಯರು. ನಾನು ಆಗ ಅಲ್ಲಿನ ಶಾಲೆಯಲ್ಲಿ ಅಧ್ಯಾಪಕನಾಗಿದ್ದೆ. ಪಡೆಯ ಆಯುಧಗಳನ್ನು ಒಮ್ಮೆ ನನ್ನ ಜಗಲಿಯ ಮೇಲೆ ಹರಡಿ ತೋರಿಸಿದ್ದರು: ಪಟಾಕಿಯ ಕಟ್ಟು, ತಗಡಿನ ಡಬ್ಬ, ಸೀಟಿ, ಮಾಸಿದ ಕರಿಕಂಬಳಿ. ಇಷ್ಟೇ ಏನು ಎಂದು ಕೇಳಿದೆ.

"ಬೆಟ್ಟದ್ ಮುಂದೆ ಕೋವಿ ಹಿಡ್ಕಂಡ್ರೂ ಒಂದೇಯ, ಸೀಟಿ ಹಿಡ್ಕಂಡ್ರೂ ಒಂದೇಯ ಮೇಷ್ಟ್ರೇ. ನಾವು ಗೆಲ್ಲಾಕೆ ಹೋಗಾಕಿಲ್ಲ. ಒಂದ್ ಬಾಗ್ಲು ತೆಗ್ದಿಡಾಕೆ ಹೋಯ್ತೀವಿ."

ಮೂರು ಕಡೆ ಸದ್ದು, ಕಾಡಿನ ಕಡೆ ಮಾತ್ರ ಮೌನ: ಇದೇ ಅವರ ಯುದ್ಧತಂತ್ರ. ಆನೆ ಎಂಬ ಮಾತನ್ನು ಅವರು ಎಂದೂ ಆಡುತ್ತಿರಲಿಲ್ಲ, 'ದೊಡ್ಡೋರು' ಎನ್ನುತ್ತಿದ್ದರು. ದೊಡ್ಡವರು ಹತ್ತಿರವಿದ್ದಾರೆಂದು ತಿಳಿಯುವುದು ಸದ್ದಿನಿಂದಲ್ಲ, ಇದ್ದ ಸದ್ದೆಲ್ಲ ನಿಂತುಹೋಗುವುದರಿಂದ ಎಂದೂ ಹೇಳಿಕೊಟ್ಟಿದ್ದರು. ಅವರು ಕಂಬಳಿಯನ್ನು ತಲೆಯ ಮೇಲೆತ್ತಿದರೆ, ನೆರೆದವರು ಯಾರಿಗೂ ಕಾಯದೆ ಚದುರಬೇಕು.

ಒಂದು ಮುಂಜಾನೆ ಒಂಟಿ ಸಲಗವೊಂದು ಹಿಪ್ಪುನೇರಳೆ ತೋಟಕ್ಕೆ ಹೊಕ್ಕಿತು. ಮಂಜು ಇನ್ನೂ ಕರಗಿರಲಿಲ್ಲ. ನೋಡಲು ಬಂದ ಜನ ಬದುವಿನ ಮೇಲೆ ಕಿಕ್ಕಿರಿದರು. ನಿಮ್ಮ ಮಾತನ್ನು ಕೇಳುತ್ತಾರೆ, ನೋಡಿಕೊಳ್ಳಿ ಎಂದು ಆ ಜನರನ್ನು ನನಗೆ ಒಪ್ಪಿಸಿ ಹಿರಿಯರು ಮಂಜಿನೊಳಗೆ ನಡೆದರು. ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೊಬೈಲುಗಳನ್ನು ಜೇಬಿಗೆ ಹಾಕಿಸಿದೆ. ಹೆಚ್ಚಿನವರು ನನ್ನ ಹಳೆಯ ವಿದ್ಯಾರ್ಥಿಗಳೇ.

"ಇಲ್ಲೂ ಪ್ರಾರ್ಥನೆ ಮಾಡುಸ್ತೀರಾ, ಸಾ?" ಎಂದು ಒಬ್ಬ ಹಲ್ಲು ಬಿಟ್ಟ.

ಆಗ ಹಕ್ಕಿಗಳು ಸುಮ್ಮನಾದವು. ಹಸಿ ಕೆಸರಿನ ವಾಸನೆ ಬಂತು. ಎದುರಿನ ಮಂಜಿನಲ್ಲಿ ಒಂದು ಭಾಗ ಮಾತ್ರ ಉಳಿದದ್ದಕ್ಕಿಂತ ಕಪ್ಪಾಗಿತ್ತು. ಅದರ ಸುತ್ತ ಒಂದು ಎಲೆಯೂ ಅಲುಗುತ್ತಿರಲಿಲ್ಲ. ದೂರದಲ್ಲಿ ಕಂಬಳಿ ಮೇಲೆದ್ದಿತು. ನಾನು ನೋಡಿದೆ. ಆದರೆ ಬದು ಕಿರಿದು, ನೂಕುನುಗ್ಗಲಾದೀತೆಂದು, ಸಾಲನ್ನು ಮುರಿಯಬೇಡಿ, ಒಬ್ಬೊಬ್ಬರಾಗಿ ನಡೆಯಿರಿ ಎಂದೆ. ಎಲ್ಲರೂ ವಿಧೇಯರಾಗಿ ಹಾಗೆಯೇ ನಡೆದರು. ಅರ್ಧ ಸಾಲು ದಾಟಿರಲಿಲ್ಲ. ಆ ಕಪ್ಪು ಸದ್ದಿಲ್ಲದೆ ನಮ್ಮ ಕಡೆಗೆ ಬರತೊಡಗಿತು.

ಹಿರಿಯರು ಕಂಬಳಿಯನ್ನು ಬೀಸುತ್ತ ಅಡ್ಡ ಓಡಿ, ಸಲಗವನ್ನು ತಮ್ಮತ್ತ ಸೆಳೆದುಕೊಂಡರು. ಮಂಜು ಇಬ್ಬರನ್ನೂ ಮುಚ್ಚಿತು. ನಾವು ಕೇಳಿದ್ದು ಒಂದೇ ಸದ್ದು, ಒಣ ಕಡ್ಡಿ ಮುರಿದಂತೆ. ಮಂಜು ಚದುರಿದಾಗ ಸಲಗ ಕಾಡು ಸೇರಿತ್ತು. ಅವರ ಸೊಂಟ ಮುರಿದಿತ್ತು.

ಅಧಿಕಾರಿಗಳು ಲಿಖಿತ ಹೇಳಿಕೆ ಕೇಳಿದರು. ಹಿರಿಯರ ಕೈಗೆ ಬ್ಯಾಂಡೇಜು ಸುತ್ತಿದ್ದರಿಂದ, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕುಳಿತು ಬರೆದುಕೊಂಡವನು ನಾನು.

"ಬರ್ಕಳಿ ಮೇಷ್ಟ್ರೇ. ಕಂಬ್ಳಿ ಎತ್ತಾದು ತಡ ಮಾಡ್ಬುಟ್ಟೆ. ತಪ್ಪು ನಂದೇಯ."

ನನ್ನ ಪೆನ್ನು ನಿಂತಿತು.

"ಬರೀರಿ. ನಾನಿನ್ನ ಆ ಕೆಲ್ಸಕ್ಕೆ ಹೋಗಾಕಿಲ್ಲ. ನೀವು ನಾಳೀಕೆ ಮಕ್ಕಳ್ ಮುಂದೆ ನಿಂತ್ಕಬೇಕು."

ಒಂದು ಅಕ್ಷರವನ್ನೂ ಹೊಡೆದುಹಾಕದೆ, ದುಂಡಗೆ ಬರೆದುಕೊಟ್ಟೆ.

ಅವರು ಮತ್ತೆ ನಡೆಯಲಿಲ್ಲ. ಕಳೆದ ಆಷಾಢದಲ್ಲಿ ತೀರಿಕೊಂಡರು. ಪಡೆಗೆ ಹೊಸದಾಗಿ ಸೇರುವವರಿಗೆ ಇಂದಿಗೂ ಅವರ ಹೆಸರು ಹಿಡಿದೇ ಎಚ್ಚರಿಕೆ ಹೇಳುತ್ತಾರಂತೆ, ಅವರ ಹಾಗೆ ತಡ ಮಾಡಬೇಡಿ ಎಂದು. ನಾನೀಗ ಶಾಲೆಯನ್ನು ಬಿಟ್ಟಿದ್ದೇನೆ. ಇನ್ನು ಯಾವ ಮಕ್ಕಳ ಮುಂದೆಯೂ ನಿಲ್ಲಬೇಕಿಲ್ಲ. ಆದ್ದರಿಂದ ಆ ಹೇಳಿಕೆಯನ್ನು ತಿದ್ದಿ ಬರೆಯುತ್ತಿದ್ದೇನೆ: ಕಂಬಳಿ ಸಕಾಲದಲ್ಲೇ ಮೇಲೆದ್ದಿತ್ತು.