ಕಂಬವನ್ನು ಬಳಸಿ ನಡೆದವರು

ಕರಾಟೆಯನ್ನು ಕಲಿತವರು ಹಲವರು, ಕಲಿಸಿದವರು ಕೆಲವರು. ತಮ್ಮದೇ ಒಂದು ಶೈಲಿಯನ್ನು ಕಟ್ಟಿಯೂ ಅದಕ್ಕೆ ಹೆಸರಿಡುವ ಹಕ್ಕು ತಮ್ಮದಲ್ಲವೆಂದು ಕಾದು ಕುಳಿತವರು ನಮ್ಮ ಪೂಜ್ಯ ಗುರುಗಳೊಬ್ಬರೇ ಇರಬೇಕು. 'ಕಂಬದ ಮೇಷ್ಟ್ರು' ಎಂದೇ ಊರಿಗೆಲ್ಲ ಪರಿಚಿತರಾದ ಅವರು ಬೋಧನೆಯಿಂದ ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಆ ಅಡ್ಡಹೆಸರಿನ ಹಿನ್ನೆಲೆಯನ್ನು ಹೇಳುವುದು ಶಿಷ್ಯೆಯಾದ ನನ್ನ ಕರ್ತವ್ಯ. ಅವರಿಗೇ ಬಿಟ್ಟರೆ ಕಂಬದ ಗುಣಗಾನ ಮಾಡಿ ಸುಮ್ಮನಾಗುತ್ತಾರೆ.

ತಾರುಣ್ಯದಲ್ಲಿ ತಮ್ಮ ಗುರುಗಳ ಅಪ್ಪಣೆ ಪಡೆದು ಅವರು ಪಾಠ ಆರಂಭಿಸಿದ್ದು ಹೊಲಿಗೆ ಕಾರ್ಖಾನೆಯ ಮೇಲಿನ ಬಾಡಿಗೆ ಕೋಣೆಯಲ್ಲಿ. ಅದರ ನಟ್ಟನಡುವೆ ಒಂದು ಕಬ್ಬಿಣದ ಕಂಬವಿತ್ತು. ನೇರ ನುಗ್ಗಿ ಹೊಡೆಯಬೇಕಾದ ವರಸೆಗೆಲ್ಲ ಅದು ಅಡ್ಡ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬಂತೆ, ಎಡಗಾಲನ್ನು ಹೊರಗಿಟ್ಟು, ಸೊಂಟ ತಿರುಗಿಸಿ, ಕಂಬವನ್ನು ಸುತ್ತಿ ಬಳಸಿ ಹೊಡೆಯುವುದನ್ನು ಅವರು ಕಲಿಸಿದರು. ಮೊದಲ ದಿನವೇ ನಾನು ಹಣೆ ಊದಿಸಿಕೊಂಡಾಗ, ಮನೆಯ ಹಾಸಿಗೆಯನ್ನೇ ತಂದು ಕಂಬಕ್ಕೆ ಸುತ್ತಿದರು. "ಕಂಬಕ್ಕೆ ಹಾಸಿಗೆ, ನಮಗೆ ಚಾಪೆ" ಎಂದು ಅವರ ಮನೆಯವರು ಇಂದಿಗೂ ಆಡಿಕೊಳ್ಳುತ್ತಾರೆ.

ಮುಂದೆ ದೊಡ್ಡ ಸಭಾಂಗಣದ ಸ್ಪರ್ಧೆಗೆ ಹೋದೆವು. ಅಲ್ಲಿ ಕಂಬವಿರಲಿಲ್ಲ, ಆದರೂ ನಾವೆಲ್ಲರೂ ಅದನ್ನು ಬಳಸಿಯೇ ಹೋದೆವು. ಜನ ಬಿದ್ದು ಬಿದ್ದು ನಕ್ಕರು. ಮುಖ್ಯ ತೀರ್ಪುಗಾರರಾಗಿದ್ದ, ಮೇಷ್ಟ್ರಿಗೆ ಕಲಿಸಿದ ಹಿರಿಯ ಗುರುಗಳು ಮಾತ್ರ ನಗಲಿಲ್ಲ, ಮೇಷ್ಟ್ರನ್ನು ಕರೆದು ಗದರಿದರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಆ ಬಳಸೋದನ್ನ ಬಿಡು, ಇಲ್ಲ ನನ್ನ ಹೆಸರು ಬಿಡು."

"ಮಕ್ಕಳು ನಾನು ಹೇಳ್ಕೊಟ್ಟಿದ್ದನ್ನೇ ಮಾಡಿದಾರೆ. ತಪ್ಪು ಅಂತ ಅವರಿಗೆ ಯಾವ ಬಾಯಲ್ಲಿ ಹೇಳ್ಲಿ?" ಎಂದ ಮೇಷ್ಟ್ರು, ತಂದೆಯಂತೆ ಸಾಕಿದ ಆ ಗುರುಗಳೇ ಹಿಂದೆ ತಮ್ಮ ಸೊಂಟಕ್ಕೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿ ಅವರ ಪಾದದ ಬಳಿ ಇಟ್ಟರು. ಆಮೇಲೆ ಇಬ್ಬರ ನಡುವೆ ಮಾತು ನಿಂತಿತು.

ಆ ತಿರುವಿನ ಎದುರು ನೇರ ನುಗ್ಗುವವರು ಮುಗ್ಗರಿಸುವುದನ್ನು ಜನ ಕಂಡರು, ಶಿಷ್ಯರು ಹೆಚ್ಚಿದರು. ಆದರೆ ಶೈಲಿಗೆ ಹೆಸರಿರಲಿಲ್ಲ. ಕೇಳಿದವರಿಗೆಲ್ಲ ಮೇಷ್ಟ್ರು ಗೋಡೆಯ ಮೇಲಿದ್ದ ಹಿರಿಯ ಗುರುಗಳ ಚಿತ್ರವನ್ನು ತೋರಿಸಿ, "ಅವರನ್ನ ಕೇಳ್ಬೇಕು" ಎನ್ನುತ್ತಿದ್ದರು. ನಮಗದು ಹಟವೆನಿಸುತ್ತಿತ್ತು, ಅದು ದುಃಖವೆಂದು ತಿಳಿಯಲು ನಾವೂ ಕಲಿಸುವವರಾಗಬೇಕಾಯಿತು.

ವರ್ಷಗಳ ಬಳಿಕ ಒಂದು ಸಂಜೆ, ಮುಪ್ಪಾದ ಹಿರಿಯ ಗುರುಗಳು ಕೋಲೂರುತ್ತ ಮೆಟ್ಟಿಲೇರಿ ಬಂದರು. ನಮ್ಮ ವರಸೆಯನ್ನು ಕೊನೆಯವರೆಗೆ ನೋಡಿದರು. ಕೋಲನ್ನು ಮೇಷ್ಟ್ರ ಕೈಗೆ ಕೊಟ್ಟು, ಎಡಗಾಲು ಹೊರಗಿಟ್ಟು, ಹಾಸಿಗೆ ಸುತ್ತಿದ ಕಂಬವನ್ನು ಮೆಲ್ಲನೆ ಬಳಸಿದರು.

"ಇದಕ್ಕೇನು ಹೆಸರು?"

"ನೀವು ಇಟ್ಟಿಲ್ಲ."

"ಬಯ್ಯೋವಾಗಲೇ ಇಟ್ಟಿದ್ನಲ್ಲೋ. ಬಳಸು."

ಮೇಷ್ಟ್ರು ಅತ್ತದ್ದನ್ನು ನಾವು ಕಂಡದ್ದು ಅಂದೊಂದೇ ಸಲ.

ಕಳೆದ ತಿಂಗಳು 'ಬಳಸು' ಶೈಲಿಗೆ ಹೊಸ ಸಭಾಂಗಣವಾಯಿತು. ಚಪ್ಪಲಿ ಕಳಚಿ ಮೊದಲು ಒಳನಡೆದ ಮೇಷ್ಟ್ರು ಕಂಬವಿಲ್ಲದ ನಟ್ಟನಡುವಿಗೆ ಬಂದೊಡನೆ ತಮಗರಿವಿಲ್ಲದೆಯೇ ಬಳಸಿ ನಡೆದರು. ಹಿಂದಿದ್ದ ನಾವೂ ಹಾಗೆಯೇ ನಡೆದೆವು. ಈ ಸಲ ಯಾರೂ ನಗಲಿಲ್ಲ. ನಿವೃತ್ತಿಯ ನೆಪದಲ್ಲಿ ಅವರು ಮನೆಯಲ್ಲಿ ಕೂರದೆ, ದಿನವೂ ಬಂದು ನಮ್ಮನ್ನು ತಿದ್ದುತ್ತಿರಲಿ. ಯಮನು ಎಂದಾದರೂ ನೇರ ನುಗ್ಗಿ ಬಂದರೆ, ನಮ್ಮ ಮೇಷ್ಟ್ರು ಎಡಗಾಲು ಹೊರಗಿಟ್ಟು ಅವನನ್ನೂ ಬಳಸಿ ಮುಂದೆ ಹೋಗಲಿ.