ಕಾರಿನ ವಾರಂಟಿಗೆ ಬಂದ ಫೋನು

ಸ್ನೇಹಿತರೇ, ನನ್ನ ಕಾರಿಗೆ ಹೆಚ್ಚುವರಿ ವಾರಂಟಿ ಬೇಕೇ ಬೇಡವೇ ಎಂಬುದು ಇವತ್ತು ಬೆಳಿಗ್ಗೆಯೇ ಇತ್ಯರ್ಥವಾಯಿತು.

ಕಂಪನಿಯ ವಾರಂಟಿ ಮುಗಿಯುತ್ತದೆ, ಇನ್ನೆರಡು ವರ್ಷಕ್ಕೆ ತೆಗೆದುಕೊಳ್ಳಿ ಎಂದು ಶೋರೂಮಿನ ಹುಡುಗಿಯೊಬ್ಬಳು ಹತ್ತು ದಿನದಿಂದ ಫೋನ್ ಮಾಡುತ್ತಿದ್ದಾಳೆ. ಶಿಕಾರಿಪುರದ ನಮ್ಮ ಬೀದಿಯ ಮೆಕ್ಯಾನಿಕ್ ರಫೀಕ್ ಸಾಹೇಬರನ್ನು ಕರೆದು ಕಾರು ತೋರಿಸಿದೆ. ಅವರು ಬಾನೆಟ್ ಎತ್ತಿದರು, ಮೀಟರ್ ನೋಡಿದರು.

"ಏನ್ರೀ ಮೇಡಂ, ಗಾಡಿ ಹೊರಗೇ ತೆಗ್ದಿಲ್ಲಲ್ರೀ?"

ಪ್ರತಿ ಭಾನುವಾರ ಸೊರಬದ ಕಡೆ, ಜಡೆ ಎಂಬ ಊರಲ್ಲಿದ್ದ ಅಕ್ಕನ ಮನೆಗೆ ಹೋಗುತ್ತಿದ್ದೆ. ಅಕ್ಕ ತೀರಿಕೊಂಡ ಮೇಲೆ ನನಗೆ ಹೋಗಲು ಊರೇ ಉಳಿದಿಲ್ಲ. ಅದನ್ನು ಹೇಳಿದಾಗ ಅವರು ಬಾನೆಟ್ ಮುಚ್ಚಿದರು.

"ಹಂಗಾದ್ರೆ ವಾರಂಟಿ ದಂಡ ರೀ. ಇಂಜಿನ್ ಗಟ್ಟಿ ಐತಿ. ನಿಂತ ಗಾಡಿಯಾಗೆ ಕೆಡೋದು ಬ್ಯಾಟರಿ. ಅದು ಈ ವಾರಂಟಿಯೊಳಗೆ ಬರಲ್ಲ."

ಮಾತು ಸರಿಯಾಗಿತ್ತು. ಬೇಡವೆಂದುಕೊಂಡೆ.

ಮಧ್ಯಾಹ್ನ ಆ ಹುಡುಗಿಯ ಫೋನ್ ಬಂತು. "ಊಟ ಆಯ್ತಾ ಮೇಡಂ? ನಿನ್ನೆ ಕೆಮ್ತಿದ್ರಿ, ಕಡಿಮೆ ಆಯ್ತಾ?"

"ಆಯ್ತಮ್ಮ."

"ವಾರಂಟಿ ಏನ್ ಮಾಡಿದ್ರಿ? ಬೇಡ ಅಂದ್ರೂ ಪರವಾಗಿಲ್ಲ. ನಿಮ್ ನಂಬರ್ ಲಿಸ್ಟಿಂದ ತೆಗೆದ್ಬಿಡ್ತೀನಿ, ಮತ್ತೆ ತೊಂದ್ರೆ ಕೊಡಲ್ಲ."

ಬೇಡ ಎನ್ನಲು ಬಾಯಿ ತೆರೆದೆ. ಆಗ ಹೊಳೆಯಿತು: ಅಕ್ಕ ಹೋದ ಮೇಲೆ ನನ್ನ ಊಟ ವಿಚಾರಿಸಿದವಳು ಇವಳೊಬ್ಬಳೇ.

"ಇನ್ನೂ ಯೋಚನೆ ಮಾಡ್ತಿದೀನಮ್ಮ," ಎಂದೆ. "ನಾಳೆ ಒಂದ್ಸಲ ಫೋನ್ ಮಾಡು."

ವಾರಂಟಿ ಮುಗಿಯಲು ಇನ್ನೂ ಆರು ದಿನವಿದೆ. ಅಲ್ಲಿಯವರೆಗೆ ದಯವಿಟ್ಟು ಯಾರೂ ಸಲಹೆ ಕೊಡಬೇಡಿ.