ತೆಲೆಸಿಯಾಳ ಪಾಲಿನ ಮೀನು

ತೆಲೆಸಿಯಾಳ ಕಥೆಯನ್ನು ಅವಳ ಜಂಬದಿಂದಲೇ ಶುರುಮಾಡಬೇಕು. ನುಕುನೊನು ದ್ವೀಪ ಬಿಟ್ಟು ಸಮುದ್ರದಾಚೆಯ ಈ ಪೊರಿರುವಾ ಪಟ್ಟಣಕ್ಕೆ ಬಂದು ಹನ್ನೊಂದು ವರ್ಷವಾಗಿದ್ದರೂ, "ಊರಲ್ಲಿ ಮೀನಿನ ಪಾಲಿಂದ ನನ್ನ ಹೆಸರು ಇನ್ನೂ ತೆಗೆದಿಲ್ಲ ಗೊತ್ತಾ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಪಕ್ಕದ ಮನೆಯವಳಾದ ನಾನೂ ಅದೇ ದ್ವೀಪದವಳು. ನನ್ನ ಹೆಸರು ತೆಗೆದು ಮೂವತ್ತು ವರ್ಷವಾಗಿದೆ. ಹೊಟ್ಟೆಕಿಚ್ಚು ಪಡಲಿಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬಿದ್ದೀತು.

ನಮ್ಮಲ್ಲಿ ದೋಣಿಗಳು ತಂದ ಮೀನನ್ನೆಲ್ಲ ದಡದಲ್ಲಿ ರಾಶಿ ಹಾಕಿ, ತಲೆ ಎಣಿಸಿ, ಮನೆಮನೆಗೂ ಪಾಲು ಹಾಕುತ್ತಾರೆ. ಇನಾತಿ ಎನ್ನುತ್ತೇವೆ. ವಿಧವೆಗೂ ಪಾಲುಂಟು, ಹಾಸಿಗೆ ಹಿಡಿದವನಿಗೂ ಉಂಟು. ಊರು ಬಿಟ್ಟವರಿಗೆ ಮಾತ್ರ ಇಲ್ಲ. ಆದರೂ ತೆಲೆಸಿಯಾಳ ತಾಯಿ ಲೆಪೆಕಾ, ಈ ಕಡೆ ಬರುವ ಯಾರ ಕೈಯಲ್ಲಾದರೂ ಒಣಮೀನಿನ ಗಂಟು ಕಳಿಸದೆ ಇರುತ್ತಿರಲಿಲ್ಲ. "ಹಿರಿಯರು ನಿನ್ನ ತಲೇನೂ ಎಣಿಸ್ತಾರೆ ಕಣೇ. ನಿನ್ನ ಪಾಲು, ನೀನು ತಿನ್ನು" ಎಂದು ಫೋನಿನಲ್ಲಿ ಹೇಳುತ್ತಿದ್ದಳು. ತೆಂಗಿನ ಹಾಲಿನಲ್ಲಿ ಆ ಮೀನು ಬೇಯುವ ವಾಸನೆ ಬಂತೆಂದರೆ ನಾನೂ ತಟ್ಟೆ ಹಿಡಿದು ಬೇಲಿ ದಾಟುತ್ತಿದ್ದೆ.

ತೆಲೆಸಿಯಾಳಿಗೆ ರಕ್ತ ಪರೀಕ್ಷೆ ಮಾಡುವ ಕಡೆ ಕೆಲಸ. ಕೆಂಪು ರಕ್ತಕಣಗಳನ್ನು ತೊಳೆದು, ಅವುಗಳ ಪೊರೆಯಿಂದ ಕೊಬ್ಬು ಬಿಡಿಸಿ, ಯಂತ್ರಕ್ಕೆ ಹಾಕಬೇಕು. ಯಂತ್ರ ಕಾಗದದ ಮೇಲೆ ಏರಿಳಿಯುವ ಗೆರೆ ಎಳೆಯುತ್ತದೆ. ಒಂದೊಂದು ಬಗೆಯ ಕೊಬ್ಬಿಗೆ ಒಂದೊಂದು ಏರು. ಗುಡ್ಡವನ್ನೇ ಕಾಣದ ದ್ವೀಪದಲ್ಲಿ ಹುಟ್ಟಿದ ತೆಲೆಸಿಯಾ ಅದನ್ನು ಅಲೆ ಎನ್ನುತ್ತಿದ್ದಳು.

"ಅಕ್ಕಾ, ಈ ಕೆಂಪು ಕಣಕ್ಕೆ ಸ್ವಂತ ಒಲೆ ಇಲ್ಲ. ಕೊಬ್ಬು ತಾನೇ ಮಾಡ್ಕೊಳ್ಳೋಕೆ ಬರಲ್ಲ" ಎಂದು ಒಮ್ಮೆ ನನಗೆ ಪಾಠ ಮಾಡಿದಳು. "ನೆತ್ತರಲ್ಲಿ ತೇಲಿ ಬಂದಿದ್ದನ್ನ ಎತ್ಕೊಳ್ಳುತ್ತೆ, ಹದ ಮಾಡುತ್ತೆ, ಪೊರೇಲಿರೋ ಹಳೇದನ್ನ ಕಿತ್ತು ಅದರ ಜಾಗದಲ್ಲಿ ಕೂರಿಸ್ಕೊಳ್ಳುತ್ತೆ. ನಾಲ್ಕು ತಿಂಗಳು ಬದುಕಿ ಸಾಯುತ್ತೆ. ಆ ನಾಲ್ಕು ತಿಂಗಳು ನೀನೇನು ತಿಂದೆ ಅಂತ ಅದರ ಹತ್ರ ಸುಳ್ಳು ನಡೆಯಲ್ಲ."

"ಹಾಗಾದ್ರೆ ನಮ್ಮ ಪಾಪ ಕೇಳೋ ಪಾದ್ರಿಗಳ ಕೆಲಸ ಹೋಯ್ತು ಬಿಡು" ಎಂದೆ.

ಯಂತ್ರ ಸರಿಯಿದೆಯೇ ಎಂದು ನೋಡಲು ತಿಂಗಳಿಗೊಮ್ಮೆ ತನ್ನ ರಕ್ತವನ್ನೇ ಹಾಕುತ್ತಿದ್ದಳು. ಮೀನಿನ ಅಲೆ ಎತ್ತರಕ್ಕೆ ಏಳುತ್ತಿತ್ತು. ಜೊತೆಗೆ ಕೆಲಸ ಮಾಡುವವರ ಕಾಗದದಲ್ಲಿ ಅದು ಇರುವೆ ಗೂಡಿನಷ್ಟೂ ಇರುತ್ತಿರಲಿಲ್ಲ.

ಆ ವರ್ಷ, ಯಾರು ಏನು ತಿನ್ನುತ್ತಾರೆಂಬ ಸಮೀಕ್ಷೆಗೆಂದು ತೆಗೆದ ನಮ್ಮ ದ್ವೀಪದವರ ರಕ್ತವೇ ಅವಳ ಮೇಜಿಗೆ ಬಂತು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅರವತ್ತು ಸೀಸೆಗಳು, ಹೆಸರಿಲ್ಲ, ಬರೀ ನಂಬರು. ಯಾರದು ಯಾವುದೆಂದು ಹುಡುಕಬಾರದು ಎನ್ನುವುದು ನಿಯಮ. ಆದರೆ ಲೆಪೆಕಾ ಮೊದಲೇ ಫೋನ್ ಮಾಡಿದ್ದಳು: "ನಂದು ನಲವತ್ತೊಂದು. ಚೆನ್ನಾಗಿ ತೊಳಿ, ಹೆತ್ತವಳದ್ದು."

ಸಂಜೆ ತೆಲೆಸಿಯಾ ಎರಡು ಕಾಗದ ಹಿಡಿದು ಬಂದಳು. ನಾನಾಗಲೇ ಅವಳ ಮನೆಯ ಮೇಜಿನ ಮುಂದೆ ಕೂತು ಮೀನು ತಿನ್ನುತ್ತಿದ್ದೆ.

"ಅಮ್ಮ ಮೀನು ತಿಂದಿಲ್ಲ" ಎಂದಳು. "ಊರಲ್ಲಿ ಎಲ್ಲರೂ ತಿಂದಿದಾರೆ. ಅಮ್ಮ ಅನ್ನ ತಿಂದಿದಾಳೆ, ಡಬ್ಬಿ ಮಾಂಸ ತಿಂದಿದಾಳೆ. ಮೀನು ಇಲ್ಲ."

"ಸೀಸೆ ಅದಲುಬದಲಾಗಿರುತ್ತೆ ಕಣೇ."

"ಎರಡು ಸಲ ನೋಡ್ದೆ."

ಮೇಜಿನ ಮೇಲೆ ತಾಯಿಯ ಕಾಗದದ ಪಕ್ಕ ತನ್ನದನ್ನಿಟ್ಟಳು. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇತ್ತು. ಅವಳು ನನ್ನ ತಟ್ಟೆ ನೋಡಿದಳು. ನನ್ನ ಬಾಯಲ್ಲಿ ತುತ್ತಿತ್ತು. ಆ ಮುದುಕಿಯ ಬಾಯಿಂದ ಕಿತ್ತು ತಿಂದವರಲ್ಲಿ ನಾನೂ ಒಬ್ಬಳು, ಇದನ್ನು ಮುಚ್ಚಿಡುವುದಿಲ್ಲ.

ಫೋನಿನಲ್ಲಿ ಲೆಪೆಕಾ ಮೊದಲು ನಕ್ಕಳು. "ನಿನ್ನ ಯಂತ್ರಕ್ಕೆ ಕಣ್ಣು ಮಂಜಾಗಿರ್ಬೇಕು."

"ಅಮ್ಮಾ, ನನ್ನ ಹೆಸರು ಯಾವಾಗ ತೆಗೆದ್ರು?"



"ನೀನು ಹಡಗು ಹತ್ತಿದ ವಾರಾನೇ."

"ಮತ್ತೆ ಯಾಕೆ ಸುಳ್ಳು ಹೇಳ್ದೆ?"

"ಪಾಲು ಇಲ್ಲ ಅಂದ್ರೆ ನೀನ್ಯಾಕೆ ಬರ್ತೀಯ? ಇದೆ ಅಂದ್ರೆ, ಒಂದಿನ ನಾನೇ ಹೋಗಿ ತಗೊಳ್ತೀನಿ ಅಂತಾದ್ರೂ ಬರ್ತೀಯ ಅನ್ಕೊಂಡೆ."

"ಇನ್ಮೇಲೆ ಒಂದು ತುಂಡೂ ಕಳಿಸ್ಬೇಡ. ನೀನು ತಿನ್ನು" ಎಂದು ತೆಲೆಸಿಯಾ ಕಿರುಚಿದಳು. ಅಷ್ಟು ಪ್ರೀತಿಯನ್ನು ಅಷ್ಟು ಗಟ್ಟಿಯಾಗಿ ಕಿರುಚಿದ್ದನ್ನು ನಾನು ಕೇಳಿಲ್ಲ.

ಗಂಟು ಬರುವುದು ನಿಂತಿತು. ಇಲ್ಲಿನ ಅಂಗಡಿಯ ಮೀನನ್ನು ಅವಳು ಮೂಸಿಯೂ ನೋಡಲಿಲ್ಲ. ತಿಂಗಳು ತಿಂಗಳೂ ತನ್ನ ರಕ್ತ ಹಾಕಿ ನೋಡಿದಳು. ಹಳೆಯ ಕಣಗಳು ಸಾಯುತ್ತಾ, ಹೊಸವು ಸಿಕ್ಕಿದ ಕೊಬ್ಬನ್ನೇ ಕೂರಿಸಿಕೊಳ್ಳುತ್ತಾ, ಅಲೆ ಇಳಿಯುತ್ತಾ ಬಂತು. ಮನಸ್ಸಿಗೆ ಸಮಾಧಾನವಾಗಬೇಕಿತ್ತು, ಅಲ್ಲಿ ತಾಯಿ ತಿನ್ನುತ್ತಿದ್ದಾಳಲ್ಲ. ತೆಲೆಸಿಯಾ ಮಾತ್ರ ಸೊರಗಿದಳು.

ನಾಲ್ಕನೆಯ ತಿಂಗಳು ಕಾಗದ ತಂದು ನನ್ನ ಮುಂದೆ ಹಿಡಿದಳು. ಬೇರೆಯವರ ಕಾಗದಕ್ಕೂ ಅದಕ್ಕೂ ವ್ಯತ್ಯಾಸವಿರಲಿಲ್ಲ.

"ಹನ್ನೊಂದು ವರ್ಷ ಆದ್ಮೇಲೆ ಇವತ್ತು ಊರು ಬಿಟ್ಟೆ ಅಕ್ಕಾ" ಎಂದು ಅತ್ತಳು.

ಮೀನು ಬರುತ್ತಿದ್ದಷ್ಟು ದಿನ ಇವಳು ಒಮ್ಮೆಯೂ ಊರಿಗೆ ಹೋಗುವ ಮಾತೆತ್ತಿರಲಿಲ್ಲ. ಮಗಳನ್ನು ಕರೆಸಿಕೊಳ್ಳಲೆಂದು ಲೆಪೆಕಾ ಕಳಿಸಿದ ಮೀನೇ ಅವಳನ್ನು ಇಲ್ಲಿ ಹಾಯಾಗಿ ಕೂರಿಸಿತ್ತು. ಮೂಗು ಒರೆಸಿಕೊಂಡು ತೆಲೆಸಿಯಾ ಕೇಳಿದಳು, "ಅಪಿಯಾ ಬಂದರಿಂದ ನಮ್ಮೂರಿಗೆ ಹಡಗು ಯಾವತ್ತು?"